ಸೀಸನ್ ಮುಗೀಲಿ, ಮೇಷ್ಟ್ರೇ

"ಕೈ ಮೇಲೆತ್ತಿ. ಉಸಿರು ಬಿಗಿ ಹಿಡೀಬೇಡಿ... ಯಾವ ಸ್ಕೂಲು?"

ಅವಳು ಮುಖ ನೋಡಿರಲಿಲ್ಲ. ಎದೆ ಸುತ್ತ ಟೇಪು ಸುತ್ತಿ, ತೋಳಿನ ಉದ್ದಕ್ಕೆ ಇಳಿದಿದ್ದಳು. ಶಾಲೆ ಶುರುವಾಗುವ ಮುಂಚಿನ ವಾರಗಳಲ್ಲಿ ಯೂನಿಫಾರ್ಮ್ ಅಂಗಡಿಯವರಿಗೆ ಮುಖ ನೋಡುವ ಪುರಸೊತ್ತು ಎಲ್ಲಿರುತ್ತದೆ? ಎದುರಿಗೆ ಬಂದು ನಿಂತದ್ದಕ್ಕೆಲ್ಲ ಟೇಪು ಸುತ್ತುವುದೇ. ಕಂಬ ಬಂದು ನಿಂತರೆ ಕಂಬಕ್ಕೂ ಸುತ್ತಿಯಾರು.

"ಇನ್ನೂ ಯಾವ ಸ್ಕೂಲೂ ತಗೊಂಡಿಲ್ಲ," ಅಂದಿತು ಒಂದು ದಪ್ಪ ದನಿ.

ಆಗ ತಲೆ ಎತ್ತಿದಳು. ಮೀಸೆ!

ಎರಡೂ ಕೈ ಮೇಲೆತ್ತಿಕೊಂಡು, ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತಿದ್ದವನು ವಿದ್ಯಾರ್ಥಿಯಲ್ಲ. ಗಣಿತ ಮೇಷ್ಟ್ರಾಗಲು ಓದಿ, ತರಬೇತಿಯನ್ನೂ ಮುಗಿಸಿ, ಕೆಲಸ ಸಿಗದೆ ಅಲೆಯುತ್ತಿದ್ದವನು. ಬಾಗಿಲಲ್ಲಿದ್ದ 'ಕೆಲಸಕ್ಕೆ ಜನ ಬೇಕಾಗಿದ್ದಾರೆ' ಬೋರ್ಡು ನೋಡಿ ಒಳಗೆ ಬಂದಿದ್ದ, ಅಷ್ಟೆ.

"ಮೊದ್ಲೇ ಹೇಳೋಕೇನಾಗಿತ್ತು?"

"ಕೈ ಎತ್ತಿ ಅಂದ್ರಿ. ಎತ್ತಿದೆ."

ಮೂಲೆಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದ ಹೆಂಗಸು (ಎಲ್ಲರೂ ಅವಳನ್ನು ಗುಂಡಿಯಕ್ಕ ಅಂತಲೇ ಕರೆಯುವುದು) ಬಾಯಲ್ಲಿದ್ದ ಸೂಜಿ ಬೀಳುವ ಹಾಗೆ ನಕ್ಕಳು. ಟೇಪು ಹಿಡಿದವಳ ಕಿವಿ ಕೆಂಪಾಯಿತು. ಟೇಪನ್ನು ಸರ್ರನೆ ಎಳೆದುಕೊಂಡಳು.

ಆ ಅಳತೆಯನ್ನು ಅವಳು ಎಲ್ಲೂ ಬರೆದಿಡಲಿಲ್ಲ. ಮರೆಯಲೂ ಇಲ್ಲ.

ಅದು ಹೋದ ವರ್ಷದ ಮಾತು.

ಅಂಗಡಿ ಮೊದಲು ಅವಳ ಸೋದರತ್ತೆಯದು. ಅತ್ತೆಗೆ ಮಂಡಿ ಕೈಕೊಟ್ಟ ಮೇಲೆ ಇವಳೇ ಯಜಮಾನಿ. ಅತ್ತೆ ಮಾತ್ರ ಬಾಗಿಲ ಪಕ್ಕದ ಕುರ್ಚಿ ಬಿಟ್ಟಿರಲಿಲ್ಲ. ಮಂಡಿ ಸೋತಿತ್ತೇ ಹೊರತು ನಾಲಿಗೆ ಸೋತಿರಲಿಲ್ಲ.

ಅವನಿಗೆ ಅಳತೆ ತೆಗೆಯುವ ಕೆಲಸ ಕೊಟ್ಟಳು. ಎಂಥ ತುಂಟ ಮಗುವಾದರೂ ಅವನ ಮುಂದೆ ಬೊಂಬೆಯ ಹಾಗೆ ನಿಲ್ಲುತ್ತಿತ್ತು. "ನಿನ್ನ ಕೈ ಉದ್ದ ಎಷ್ಟಿರಬಹುದು ಹೇಳು, ಸರಿಯಾದ್ರೆ ನೀನು ಗೆದ್ದೆ," ಅನ್ನುತ್ತಿದ್ದ. ಅಳತೆಯೂ ಆಗುತ್ತಿತ್ತು, ಲೆಕ್ಕವೂ ಆಗುತ್ತಿತ್ತು. ಅಂಗಡಿಯವರಿಗೆಲ್ಲ ಅವನು 'ಮೇಷ್ಟ್ರು' ಆದ. ಸಂಜೆ ಹೊರಡುವಾಗ ಬಾಗಿಲಲ್ಲಿ ನಿಂತು, "ಬರ್ತೀನಿ," ಅನ್ನುತ್ತಿದ್ದ. ಆ ಒಂದು ಮಾತಿಗೆ ಅವಳು ಮಧ್ಯಾಹ್ನದಿಂದಲೇ ಕಿವಿಗೊಟ್ಟು ಕೂತಿರುತ್ತಿದ್ದಳು. ಬಾಯಿ ಬಿಟ್ಟು ಹೇಳಬೇಕಲ್ಲ? ಅದೊಂದು ಅವಳಿಗೆ ಬರುತ್ತಿರಲಿಲ್ಲ.

ಮತ್ತೆ ಸೀಸನ್ ಬಂತು. ಅದರ ಜೊತೆಗೇ ತಲೆನೋವೂ ಬಂತು.

ಶಾಲೆಗಳು ತೆರೆಯುವ ಮುಂಚೆ ಮಕ್ಕಳಿಗೆ ಯೂನಿಫಾರ್ಮ್ ಬೇಕು, ಸರಿ. ಆದರೆ ಶಾಲೆಗಳು ತೆರೆಯುವ ಮುಂಚೆಯೇ ಶಾಲೆಗಳಿಗೆ ಮೇಷ್ಟ್ರುಗಳೂ ಬೇಕು. ಹಾಗಾಗಿ ಶಿಕ್ಷಕರ ನೇಮಕಾತಿ ಮೇಳಗಳೂ ಅದೇ ವಾರಗಳಲ್ಲಿ. ಹತ್ತಾರು ಶಾಲೆಗಳವರು ಒಂದೇ ಸಭಾಂಗಣದಲ್ಲಿ ಮೇಜು ಹಾಕಿ ಕೂರುತ್ತಾರೆ, ಅಲ್ಲೇ ಸಂದರ್ಶನ, ಅಲ್ಲೇ ಮಾದರಿ ಪಾಠ, ಒಪ್ಪಿದರೆ ಅಲ್ಲೇ ಕೆಲಸ. ಇವನಿಗೆ ರಜೆ ಬೇಕಾದ ದಿನವೇ ಇವಳಿಗೆ ಇವನು ಬೇಕು!

ಮೊದಲ ಮೇಳಕ್ಕೆ ಅವನು ರಜೆ ಕೇಳಿದಾಗ ಅವಳು ಒಂದು ಶಾಲೆಯ ನೀಲಿ ಲಂಗಗಳ ಗುಡ್ಡದ ನಡುವೆ ಕೂತಿದ್ದಳು. ಆ ಆರ್ಡರು ತಡವಾದರೆ ಆ ಶಾಲೆ ಇನ್ನೊಂದು ಅಂಗಡಿಯ ಪಾಲು. ಬಟ್ಟೆಯಿಂದ ಕಣ್ಣೆತ್ತದೆ, "ಸೀಸನ್ ಮುಗೀಲಿ, ಮೇಷ್ಟ್ರೇ," ಅಂದಳು.

"ಸೀಸನ್ ಮುಗಿದ್ರೆ ಮೇಳಾನೂ ಮುಗ್ದಿರುತ್ತೆ."

"ಮುಂದಿನ ವರ್ಷ ಮತ್ತೆ ಬರುತ್ತಲ್ಲ?"

ಅವನು ಟೇಪು ಕೊರಳಿಗೆ ಹಾಕಿಕೊಂಡು ಕೆಲಸಕ್ಕೆ ಹೋದ.

ಅವನು ಹೋದ ಮೇಲೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. 'ನಾನು ಅಂದದ್ದು ಲಂಗಗಳ ಚಿಂತೆಯಿಂದಲಾ? ಇಲ್ಲಾ ಅವನಿಗೆ ಕೆಲಸ ಸಿಕ್ಕಿ ಹೋಗಿಬಿಟ್ಟರೆ ಅಂತಲಾ...?' ಉತ್ತರ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಇನ್ನಷ್ಟು ಸಿಟ್ಟು. ಆ ಸಿಟ್ಟನ್ನೆಲ್ಲ ಹೊಲಿಗೆ ಯಂತ್ರದ ಮೇಲೆ ತೀರಿಸಿದಳು, ಸೂಜಿ ಮುರಿಯಿತು.

ಎರಡನೇ ಮೇಳಕ್ಕೆ ಧೈರ್ಯ ಮಾಡಿ ರಜೆ ಕೊಟ್ಟಳು. ಆದರೆ ಆ ಬೆಳಿಗ್ಗೆಯೇ ಒಂದು ಶಾಲೆಯವರು ಹೇಳದೆ ಕೇಳದೆ ಮಕ್ಕಳ ದಂಡನ್ನೇ ಅಂಗಡಿಗೆ ಕಳಿಸಿಬಿಟ್ಟರು. ಒಂದು ಅಳುತ್ತದೆ, ಒಂದು ಗಾಜಿನ ಬೀರು ಹತ್ತುತ್ತದೆ, ಗುಂಡಿಯಕ್ಕನ ಗುಂಡಿ ಡಬ್ಬಿ ನೆಲಕ್ಕೆ. ಅವಳು ಫೋನು ಮಾಡಿದಳು.

"ಎಲ್ಲಿದೀರಾ?"

"ಬಸ್ಸಲ್ಲಿ."

"ಇಳೀರಿ."

ಇಳಿದು ಬಂದ. ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕಂಕುಳಲ್ಲಿ ಫೈಲು ಹಿಡಿದುಕೊಂಡು. ಫೈಲನ್ನು ಕತ್ತರಿಸುವ ಮೇಜಿನ ಕೆಳಗಿಟ್ಟು ಟೇಪು ತಗೊಂಡ. ಅಂಗಿಯ ಮುಂಗೈ ಅಂಚು ಸವೆದು ನೂಲು ಎದ್ದಿದ್ದು ಅವಳ ಕಣ್ಣಿಗೆ ಬಿತ್ತು. ಇಡೀ ದಿನ ಅವನು ಒಂದು ಮಾತು ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅವಳು ಕ್ಷಮೆ ಕೇಳಬೇಕು ಅಂತ ಹತ್ತಿರ ಹೋದಳು. ಬಾಯಿಂದ ಬಂದದ್ದೇನು ಗೊತ್ತೇ? "ಆ ಕಡೆ ಚಡ್ಡಿಗಳು ಬಾಕಿ ಇವೆ." ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನೆ ಹೇಳಿದ್ದಾರೆಯೇ?

"ಹಗ್ಗ ಹಾಕಿದ್ರೆ ಹಸು ನಿಲ್ಲುತ್ತೆ ಕಣೆ, ಮನುಷ್ಯ ನಿಲ್ಲಲ್ಲ," ಅಂದಳು ಅತ್ತೆ.

ಅವಳು ಅತ್ತೆಗೆ ಕಡ್ಡಿ ಮುರಿದ ಹಾಗೆ, ಅಂಗಡಿ ನಡೆಸುವುದು ಅಂದರೆ ಹುಡುಗಾಟವಲ್ಲ ಅಂದಳು. ಅಂಗಡಿ ನಡೆಸಿ ಮುದುಕಿಯಾದವಳಿಗೇ ಆ ಪಾಠ.

ಮೂರನೇ ಮೇಳ ಹತ್ತಿರ ಬಂತು. ಈ ವರ್ಷದ ಕಡೆಯ ಮೇಳ. ಅವನು ಬಂದು ನಿಂತಾಗ ಅವಳು, 'ಈ ಸಲ ಹೂಂ ಅಂತೀನಿ, ಏನಾದರಾಗಲಿ,' ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

"ರಜೆ ಬೇಡ," ಅಂದ ಅವನು. "ಬಿಡುಗಡೆ ಕೊಡಿ."

ಅವಳ ಕೈಯಲ್ಲಿದ್ದ ಕತ್ತರಿ ಬಟ್ಟೆಯ ನಡುವೆಯೇ ನಿಂತಿತು.

'ಬಿಡುಗಡೆ...? ಇದೇನು ಜೈಲಾ? ನಾನೇನು ಜೈಲರಾ?'

ಕೇಳಬೇಕಿತ್ತು. ಯಾಕೆ ಅಂತ ಒಂದು ಮಾತು ಕೇಳಿದ್ದರೆ ಈ ಕಥೆ ಅಲ್ಲೇ ಮುಗಿಯುತ್ತಿತ್ತು. ಅವಳು ಕೇಳಲಿಲ್ಲ. "ಹೋಗಿ. ಯಾರೂ ಕಟ್ಟಿಹಾಕಿಲ್ಲ," ಅಂದಳು.

ಆ ಸಂಜೆ ಬಾಗಿಲಲ್ಲಿ ಅವನು, "ಹೋಗ್ತೀನಿ," ಅಂದ. 'ಬರ್ತೀನಿ' ಅನ್ನಲಿಲ್ಲ.

ವಾರದ ರಜೆಯ ದಿನ ಅಂಗಡಿಯ ಬಾಗಿಲು ಅರ್ಧ ಎಳೆದು ಅವಳು ಯಂತ್ರದ ಮುಂದೆ ಕೂತಳು. ಬ್ಲೇಜರ್‌ಗೆ ತಂದು ಉಳಿದಿದ್ದ ಕಡುನೀಲಿ ಬಟ್ಟೆ ಹಾಸಿ ಗೆರೆ ಎಳೆದಳು. ದೊಡ್ಡ ಗಂಡಸಿಗೆ ಕೋಟು ಹೊಲಿದವಳೇ ಅಲ್ಲ ಅವಳು. ಕತ್ತರಿಸಿದಳು, ಬಿಚ್ಚಿದಳು, ಬೈದುಕೊಂಡಳು, ಮತ್ತೆ ಜೋಡಿಸಿದಳು.

"ಯಾರ ಅಳತೆ?" ಕುರ್ಚಿಯಲ್ಲಿ ತೂಕಡಿಸುವ ಹಾಗೆ ನಟಿಸುತ್ತಿದ್ದ ಅತ್ತೆ ಕೇಳಿದಳು.

"ಒಬ್ಬರದು."

"ಬರ್ಕೊಂಡಿದ್ಯಾ?"

"ನೆನಪಿದೆ."

"ಹೋದ ವರ್ಷದ್ದು? ನಂಗೆ ಬೆಳಿಗ್ಗೆ ಮಾತ್ರೆ ನುಂಗಿದ್ದೇ ನೆನಪಿರಲ್ಲ ತಾಯಿ."

ಅವಳು ಯಂತ್ರವನ್ನು ಜೋರಾಗಿ ತುಳಿದಳು, ಮುಂದಿನ ಮಾತು ಕೇಳಿಸದಿರಲಿ ಅಂತ.

ಗುಂಡಿ ಹಚ್ಚಿಸಿ, ಕೋಟನ್ನು ಗುಂಡಿಯಕ್ಕನ ಕೈಯಲ್ಲೇ ಅವನ ರೂಮಿಗೆ ಕಳಿಸಿದಳು. ಯಾರೋ ಆರ್ಡರು ಕೊಟ್ಟು ತಗೊಂಡು ಹೋಗದೆ ಬಿಟ್ಟ ಕೋಟು, ಅಂಗಡಿಯಲ್ಲಿ ಧೂಳು ತಿನ್ನುವ ಬದಲು ಮೇಳಕ್ಕೆ ಹಾಕಿಕೊಂಡು ಹೋಗಲಿ ಅಂತ ಹೇಳು ಅಂದಳು. ಗುಂಡಿಯಕ್ಕ ಹೇಳಿದಳಂತೆ. ಅವನು ಏನೂ ಅನ್ನದೆ ತಗೊಂಡನಂತೆ.

ಏನೂ ಅನ್ನದೆ! ಅದಕ್ಕೂ ಅವಳಿಗೆ ಸಿಟ್ಟು.

ಮೇಳದ ದಿನ. ಅವಳು ಅಳತೆ ತೆಗೆದದ್ದೆಲ್ಲ ತಪ್ಪು. ಸೊಂಟಕ್ಕೆ ಎದೆಯ ಅಳತೆ, ಅಣ್ಣನಿಗೆ ತಮ್ಮನದು. ಮಧ್ಯಾಹ್ನಕ್ಕೆ ಮುಂಚೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. "ಬೆಳೆಯೋ ಮಗು, ಕೈಗೆ ಎರಡು ಅಂಗುಲ ಒಳಗೆ ಮಡಚಿ ಬಿಡಿ. ಮುಂದಿನ ವರ್ಷ ಬಿಚ್ಕೋಬಹುದು," ಅಂದಳು. ಹೇಳುವುದೇ ಬೇಕಿರಲಿಲ್ಲ. ಹಳೇ ಅಭ್ಯಾಸ, ಅವಳ ಬೆರಳುಗಳು ಆಗಲೇ ಮಗು ತೊಟ್ಟು ನೋಡಿದ ಅಂಗಿಯ ತೋಳಿನ ಅಂಚನ್ನು ಒಳಗೆ ಮಡಚಿ, ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿಬಿಟ್ಟಿದ್ದವು.

ಆ ಬಿಳಿ ದಾರವನ್ನು ನೋಡುತ್ತಲೇ ಅವಳು ದಡಕ್ಕನೆ ಎದ್ದು ನಿಂತಳು.

'ಅಯ್ಯೋ... ಆ ಕೋಟು!'

ಅದರ ತೋಳುಗಳನ್ನೂ ಹೀಗೇ ಮಡಚಿದ್ದಳು. ಮೀಸೆ ಬಂದ ಗಂಡಸಿಗೆ, ಬೆಳೆಯಲಿ ಅಂತ ಎರಡೆರಡು ಅಂಗುಲ! ಅದಾದರೂ ಹೋಗಲಿ, ಕಚ್ಚಾ ದಾರದ ಮೇಲೆ ಯಂತ್ರದ ಹೊಲಿಗೆ ಹಾಕಿದ ನೆನಪೇ ಇಲ್ಲ. ಗುಂಡಿಯಕ್ಕನನ್ನು ಕೇಳಿದಳು. ಒಳಗಡೆ ಬಿಳಿ ದಾರ ಕಂಡಿತಮ್ಮ, ಹೊಸ ಫ್ಯಾಷನ್ ಇರಬಹುದು ಅಂದ್ಕೊಂಡೆ ಅಂದಳು ಪುಣ್ಯಾತ್ಗಿತ್ತಿ.

ಕೈ ಎತ್ತಿ ಬೋರ್ಡಿನ ಮೇಲೆ ಬರೆದರೆ ಆ ದಾರ ಎಷ್ಟು ಹೊತ್ತು ತಡೆದೀತು? ತಾನು ಮೂರು ಮೇಳವನ್ನೂ ಹಾಳು ಮಾಡಿದ ಹಾಗಾಯಿತು. ಒಂದನ್ನು ರಜೆ ಕೊಡದೆ, ಒಂದನ್ನು ಬಸ್ಸಿಂದ ಇಳಿಸಿ, ಒಂದನ್ನು ಕೋಟು ಕೊಟ್ಟು.

ಅಂಗಡಿಯ ತುಂಬ ಗಿರಾಕಿಗಳು. ಅವಳು ಅತ್ತೆಯ ಕುರ್ಚಿಯ ಮುಂದೆ ಬಂದು ನಿಂತಳು.

"ಅತ್ತೆ, ನಂಗೆ ಅರ್ಧ ದಿನ ರಜೆ ಬೇಕು."

ಅತ್ತೆ ಕನ್ನಡಕ ಮೇಲೇರಿಸಿ ನೋಡಿದಳು. "ಯಾತಕ್ಕೆ?"

"ಶಿಕ್ಷಕರ ಮೇಳಕ್ಕೆ ಹೋಗ್ಬೇಕು."

"ಸೀಸನ್ ಮುಗೀಲಿ," ಅಂದಳು ಅತ್ತೆ. ಥೇಟ್ ಅವಳದೇ ದನಿ, ಅವಳದೇ ಬಿಗುಮಾನ.

ಅವಳಿಗೆ ಕಣ್ಣು ತುಂಬಿ ಬಂತು. ಆ ಮಾತನ್ನು ಎದುರಿಗೆ ನಿಂತು ಕೇಳಿದರೆ ಹೇಗಿರುತ್ತದೆ ಅಂತ ಅವಳಿಗೆ ಆವತ್ತು ಗೊತ್ತಾಯಿತು.

ಅತ್ತೆ ಕಡುನೀಲಿ ದಾರದ ಉಂಡೆಯನ್ನು ಅವಳ ಕಡೆಗೆ ಎಸೆದಳು. "ಓಡು. ನೀನು ಹುಟ್ಟೋ ಮುಂಚಿಂದ ಟೇಪು ಹಿಡಿದೋಳು ನಾನು. ಕುರ್ಚಿ ಸಮೇತ ನನ್ನ ಆ ಕಡೆ ಎಳೆದಿಟ್ಟು ಹೋಗು."

ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಾಲೆಗೊಂದು ಮೇಜು, ಮೇಜಿಗೊಂದು ಸಾಲು, ಸಾಲಿನಲ್ಲಿ ಫೈಲನ್ನು ಎಳೆಗೂಸಿನ ಹಾಗೆ ಎದೆಗೊತ್ತಿಕೊಂಡ ಮುಖಗಳು. ಅವಳು ಎಲ್ಲರ ತೋಳು ನೋಡುತ್ತ ನಡೆದಳು. ಹಿಂದಿನ ಕಾರಿಡಾರಿನಲ್ಲಿ ಮಾದರಿ ಪಾಠದ ಕೋಣೆಗಳು. ಕಡೆಯ ಕೋಣೆಯ ಬಾಗಿಲು ಅರೆ ತೆರೆದಿತ್ತು.

ಒಳಗೆ ಕಡುನೀಲಿ ಕೋಟು.

ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಸೀಮೆಸುಣ್ಣ ಹಿಡಿದು ಕೈ ಎತ್ತಿದವನ ಕೋಟಿನ ಬಲತೋಳಿನ ಮಡಿಕೆ ಬಿಚ್ಚಿ, ಬೆರಳುಗಳವರೆಗೆ ಇಳಿದಿತ್ತು. ಪಾಠ ಕೇಳಲು ಕೂರಿಸಿದ್ದ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಹಿಂದೆ ಕೂತಿದ್ದ ಮೂವರು ಪರೀಕ್ಷಕರೂ ನಗು ತಡೆಯಲು ಮುಖ ತಗ್ಗಿಸಿದ್ದರು. ಅವಳು ಗೋಡೆಗೊರಗಿ ಕಣ್ಣು ಮುಚ್ಚಿದಳು.

"ನಗಬೇಡಿ, ನಿಮ್ಮ ತೋಳಿನ ಒಳಗೆ ನೋಡ್ಕೊಳ್ಳಿ," ಅಂದ ಅವನು. "ಮಡಿಕೆ ಇದೆಯಾ? ಯಾಕೆ ಬಿಟ್ಟಿದಾರೆ?"

ಬೆಳೆಯೋಕೆ, ಬೆಳೆಯೋಕೆ ಅಂತ ಕೂಗಿದವು ಮಕ್ಕಳು.

"ಎಷ್ಟು ಬೆಳೀತೀರಿ ಅಂತ ಹೊಲಿದೋರಿಗೆ ಗೊತ್ತಿತ್ತಾ? ಇಲ್ಲ. ಗೊತ್ತಿಲ್ಲದೇ ಇದ್ರೂ ಅದಕ್ಕೆ ಜಾಗ ಬಿಟ್ರು. ಲೆಕ್ಕದಲ್ಲೂ ಹಾಗೇ. ಇನ್ನೂ ಗೊತ್ತಿಲ್ಲದ್ದಕ್ಕೆ ನಾವೂ ಒಂದು ಜಾಗ ಬಿಡ್ತೀವಿ. ಅದಕ್ಕೆ ಎಕ್ಸ್ ಅಂತ ಹೆಸರು." ಜೋತಾಡುವ ತೋಳಿನಲ್ಲೇ ಬೋರ್ಡಿನ ಮೇಲೆ ಬರೆದ.

ಒಂದು ಹುಡುಗಿ ಕೈ ಎತ್ತಿ, ಸರ್ ನಿಮ್ಮ ಕೋಟು ನಿಮ್ಮಮ್ಮ ಹೊಲಿದದ್ದಾ ಅಂತ ಕೇಳಿದಳು.

"ಅಮ್ಮ ಅಲ್ಲ..." ಅಂದವನ ಕಿವಿ ಕೆಂಪಾಯಿತು.

ಅವನು ಪಾಠ ಮುಗಿಸಿ ಹೊರಗೆ ಬಂದಾಗ ಅವಳು ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದಳು. ಅವನು ಸೂಜಿ ತಗೊಂಡು ಪೋಣಿಸಿ ಕೊಟ್ಟ. ಪಕ್ಕದಲ್ಲಿ ಕೂತು ತೋಳು ಚಾಚಿದ.

"ಅಂಗಡಿ?" ಅಂದ.

"ರಜೆ ಕೇಳ್ಕೊಂಡು ಬಂದೆ." ತಲೆ ತಗ್ಗಿಸಿ ಮಡಿಕೆ ಹೊಲಿಯತೊಡಗಿದಳು. "ನಿಮ್ಮ ಪಾಠ ಹಾಳು ಮಾಡಿದೆ. ಒಂದು ಸಲ ರಜೆ ಕೊಡ್ಲಿಲ್ಲ, ಇನ್ನೊಂದು ಸಲ ಬಸ್ಸಿಂದ ಇಳಿಸಿದೆ, ಈಗ ಇದು. ಬಿಡುಗಡೆ ಕೇಳಿದ್ದು ತಪ್ಪಲ್ಲ ನಿಮ್ದು."

"ಯಾರೋ ಆರ್ಡರು ಕೊಟ್ಟು ಬಿಟ್ಟುಹೋದ ಕೋಟು ಅಂದ್ರು ಗುಂಡಿಯಕ್ಕ. ಭುಜ ಸರಿಯಾಗಿ ಕೂತಾಗಲೇ ಅನುಮಾನ ಬಂತು. ತೋಳು ಜಾರಿದಾಗ ಗೊತ್ತಾಯ್ತು."

ಅವಳು ಬೆರಳಿಗೆ ಸೂಜಿ ಚುಚ್ಚಿಕೊಂಡಳು.

"ಬಿಡುಗಡೆ ಯಾಕೆ ಕೇಳ್ದೆ ಅಂತ ನೀವು ಕೇಳಲೇ ಇಲ್ಲ," ಅಂದ ಅವನು. "ನಿಮ್ಮ ಕೈಯಿಂದ ಸಂಬಳ ತಗೊಂಡು, ಅದೇ ಕೈ ಹಿಡೀತೀನಿ ಅಂತ ಹೇಗೆ ಕೇಳಲಿ? ಮೊದಲು ಒಂದು ಸ್ಕೂಲು ತಗೊಳ್ಳಲಿ, ಆಮೇಲೆ ಬರೋಣ ಅಂದ್ಕೊಂಡೆ. ನೀವು ನೋಡಿದ್ರೆ ಸ್ಕೂಲಿನ ಬಾಗಿಲಿಗೇ ಹೋಗೋಕೆ ಬಿಡಲ್ಲ."

ಅವಳ ಕೈ ನಿಂತಿತು. ಒಂದು ವರ್ಷದ ಸಿಟ್ಟೆಲ್ಲ ಕಣ್ಣಿನಿಂದ ಇಳಿಯಿತು.

"ಒಂದು ಮಾತು ಹೇಳೋಕಾಗ್ಲಿಲ್ವಾ?"

"ಕೈ ಎತ್ತಿ ಅಂದ್ರೆ ಎತ್ತೋನು ನಾನು. ಹೇಳಿ ಅಂದಿದ್ರೆ ಹೇಳ್ತಿದ್ದೆ."

ಅವಳು ಅಳುತ್ತಲೇ ನಕ್ಕಳು. ಅವನು ಮೆಲ್ಲಗೆ, "ಆವತ್ತು ಕೇಳಿದ್ದನ್ನ ಈಗ ಕೇಳಿ," ಅಂದ.

"...ಯಾವ ಸ್ಕೂಲು?"

"ಇದೇ ಕೋಣೇಲಿ ಕೂತಿದ್ದ ಸ್ಕೂಲು. ಈಗಷ್ಟೇ ತಗೊಂಡ್ರು. ತೋಳು ಜಾರಿದ್ದಕ್ಕೇ ತಗೊಂಡ್ರಂತೆ." ತೋಳನ್ನು ಅವಳ ಕಡೆಗೆ ಇನ್ನಷ್ಟು ಚಾಚಿ, "ನೀವು ತಗೋತೀರಾ?" ಅಂದ. ಅವಳು ಬಾಯಿ ತೆರೆಯುವ ಮುಂಚೆಯೇ ತಾನೇ ನಿಟ್ಟುಸಿರು ಬಿಟ್ಟ. "ಗೊತ್ತು. ಸೀಸನ್ ಮುಗೀಲಿ ಅಂತೀರಿ."

"ಸೀಸನ್ ಹಾಳಾಗ್ಲಿ," ಅಂದಳು ಅವಳು.

ಮೇಜುಗಳ ಕಡೆಯಿಂದ ಯಾರೋ ಯಾರನ್ನೋ ಕೂಗುತ್ತಿದ್ದರು. ಅವಳು ಕಡೆಯ ಹೊಲಿಗೆ ಹಾಕಿ ಗಂಟು ಬಿಗಿದಳು. ಎರಡು ಅಂಗುಲ ಒಳಗೇ ಇತ್ತು, ಬಿಚ್ಚಲಿಲ್ಲ, ಕತ್ತರಿಸಲಿಲ್ಲ. ದಾರದ ಒಂದು ತುದಿ ಅವನ ತೋಳಿನಲ್ಲಿ, ಇನ್ನೊಂದು ಅವಳ ಬೆರಳಿನ ಸೂಜಿಯಲ್ಲಿ.

"ದಾರ ಕತ್ತರಿಸಲ್ವಾ?"

"ಅವಸರದಲ್ಲಿ ಕತ್ತರಿ ತಂದಿಲ್ಲ."

"ಹಾಗಾದ್ರೆ ಇರ್ಲಿ ಬಿಡಿ," ಅಂದ ಅವನು. "ಇಬ್ರೂ ಒಟ್ಟಿಗೇ ಹೋಗೋಣ."