ಟವೆಲಿನ ಕೆಳಗಿನ ಕೈ

"ಸಂತ್ಯಾಗ ಟವೆಲಿನ ಕೆಳಗ ಕೈ ಕೊಡಬೇಕಾಗ್ತೈತಿ. ನೀವು ಕೊಡ್ತೀರೇನು?"

ಕೋಣೆಯಲ್ಲಿದ್ದವರೆಲ್ಲ ಅವಳತ್ತ ತಿರುಗಿದರು.

ಕೇಳಿದವನು ಅಂದಾನಪ್ಪ. ಬನವಾಸಿ ಕಡೆಯವನು, ಬಿ.ಕಾಂ. ಎರಡನೆಯ ವರ್ಷ, ಶಿರಸಿಯ ಕಾಲೇಜಿನ ವಿದ್ಯಾರ್ಥಿ ವ್ಯಾಪಾರ ಸಂಘದ ಕಾರ್ಯದರ್ಶಿ. ಎದುರಿಗೆ ನಿಂತವಳು ಮೊದಲ ವರ್ಷದ ನೀಲಗಂಗಾ.

"ಕೊಡ್ತೀನಿ," ಎಂದಳು.

ಹಿಂದಿನ ಬೆಂಚಿನಲ್ಲಿ ಒಬ್ಬ ಕಿಸಕ್ಕೆಂದ. "ಹಂಗಾರ ನಾಳಿಯಿಂದ ನಾನೂ ದಲಾಲಿ ಆಗ್ತೀನಿ ನೋಡ್ರಪಾ!"

ಎಲ್ಲರೂ ನಕ್ಕರು. ನೀಲಗಂಗಾ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಇಪ್ಪತ್ತೆರಡು ವರ್ಷದ ಕೈಗಳು. ಬಳೆ ಇರಲಿಲ್ಲ.

ಅಂದಾನಪ್ಪ ನಗಲಿಲ್ಲ. ನಗುವವರನ್ನು ತಡೆಯಲೂ ಇಲ್ಲ.

"ನಿಮ್ಮನ್ನ ಸಂಘಕ್ಕ ತೊಗೊಳ್ಳಾಕ ಆಗಂಗಿಲ್ರಿ. ಹೆಣ್ಮಕ್ಕಳಿಗೆ ಹೊಲಿಗಿ ಕ್ಲಾಸ್ ಐತಿ, ಅಲ್ಲಿ ಕೇಳ್ರಿ."

ಅವಳು ಅಳಲಿಲ್ಲ. ಗಂಡ ತೀರಿಕೊಂಡ ದಿನವೇ ಬರದ ಕಣ್ಣೀರು ಇವನ ಮಾತಿಗೆ ಯಾಕೆ ಬರಬೇಕು?

ಬಾಗಿಲಲ್ಲಿ ತಿರುಗಿ ನೋಡಿದಳು, ಅಷ್ಟೆ. ಅವನು ತಲೆ ತಗ್ಗಿಸಿಕೊಂಡಿದ್ದ.

'ಹೇಡಿ!' ಎಂದುಕೊಂಡಳು.

*

ಅದು ಸಾವಿರದ ಒಂಬೈನೂರ ಅರವತ್ತನಾಲ್ಕು. ಆಗ ಸಂತೆಯಲ್ಲಿ ಸಗಟು ಮಾಲಿನ ದರವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದಲಾಲಿ ಮತ್ತು ಕೊಳ್ಳುವವನು ಎದುರುಬದುರು ಕೂರುವರು. ಕೈಗಳ ಮೇಲೆ ಟವೆಲು ಬೀಳುವುದು. ಅದರ ಕೆಳಗೆ ಬೆರಳುಗಳೇ ಮಾತಾಡುವವು. ಪಕ್ಕದಲ್ಲಿ ನಿಂತವನಿಗೂ ದರ ತಿಳಿಯುತ್ತಿರಲಿಲ್ಲ.

ಸಂಘದ ಹುಡುಗರು ಹೀಗೆಯೇ ಸೀಗೆಕಾಯಿ, ಮೆಣಸಿನಕಾಯಿ, ಬೆಲ್ಲ ಕೊಂಡು ತಂದು ಕಾಲೇಜಿನ ಮಳಿಗೆಯಲ್ಲಿ ಮಾರುತ್ತಿದ್ದರು. ಪ್ರತಿ ಟರ್ಮಿಗೆ ಒಮ್ಮೆ ಹೊಸ ಸದಸ್ಯರನ್ನು ಸೇರಿಸಿಕೊಳ್ಳುತ್ತಿದ್ದರು. ಸದಸ್ಯನಾದವನು ಸಂತೆಗೆ ಹೋಗಲೇಬೇಕು.

ನೀಲಗಂಗಾಳಿಗೆ ಬೇಕಾಗಿದ್ದೂ ಅದೇ.

ಎಕ್ಕಂಬಿಯಲ್ಲಿ ಅವಳ ಗಂಡನ ಕಿರಾಣಿ ಅಂಗಡಿ ಇತ್ತು. ಜ್ವರ ಬಂದು ಅವನು ಹೋದ. ಮಾವ ಶಿವಲಿಂಗಪ್ಪನ ಕಣ್ಣು ಮಂಜಾಗುತ್ತ ಬಂದಿತ್ತು. ಅಂಗಡಿ ಮಾರಿದರೆ ಅವಳು ಅಣ್ಣನ ಮನೆಗೆ ಹೋಗಬೇಕು, ಅತ್ತಿಗೆಯ ಒಲೆಯ ಮುಂದೆ ಮುದುಕಿಯಾಗಬೇಕು.

"ಅಂಗಡಿ ನಾ ನಡಸ್ತೀನ್ರಿ ಮಾವಾರ," ಎಂದಿದ್ದಳು.

"ಓದು ಬಂದ್ರ ಸಾಕಾಗಂಗಿಲ್ಲವಾ. ಸಂತ್ಯಾಗ ಮಾಲು ಹಿಡಿಯಾಕ ಬರಬೇಕು."

"ಕಲಸ್ರಿ."

ಮುದುಕ ಬೇರೆ ಕಡೆ ಮುಖ ಮಾಡಿದ. "ಮಾವ ಆದಾಂವ ಸೊಸಿ ಬೆರಳು ಹಿಡಿದು ಹ್ಯಾಂಗ ಕಲಸ್ಲಿ? ನಿಮ್ಮ ಕಾಲೇಜಿನಾಗ ಹುಡುಗರ ಸಂಘ ಐತಂತಲ್ಲ. ಅವರು ನಿನ್ನ ಸೇರಿಸ್ಕೊಂಡು ನಾಕು ಮಂದಿ ಎದುರಿಗೆ ಸಂತಿಗೆ ಕರ್ಕೊಂಡು ಹೋದ್ರ, ಅಂಗಡಿ ಕೀಲಿ ನಿನಗ. ಇಲ್ಲಾಂದ್ರ ಮಾರ್ತೀನಿ. ಒಬ್ಬಾಕಿನ್ನ ಸಂತಿಗೆ ಕಳಿಸಿ ಮಂದಿ ಬಾಯಾಗ ನಾ ಬೀಳಲಾರೆ."

ಆ ಕೀಲಿಗಾಗಿ ಅವಳು ಅರ್ಜಿ ಹಾಕಿದ್ದಳು.

*

ಬೇಡವೆಂದ ಸುದ್ದಿ ಕೇಳಿ ಮಾವ ನಿಟ್ಟುಸಿರಿಟ್ಟ.

"ಮುಂದಿನ ಟರ್ಮಿಗೆ ಮತ್ತ ಕೇಳ್ತೀನಿ," ಎಂದಳು ನೀಲಗಂಗಾ. "ನೀವು ಕೈ ಹಿಡಿಯೋದು ಬ್ಯಾಡ. ಬಾಯಿಲೆ ಹೇಳ್ರಿ. ನನ್ನ ಕೈ ನಾನ ಹಿಡಕೊಂತೀನಿ."

ಹಾಗೆಯೇ ಕಲಿತಳು. ಮಾವ ಪಡಸಾಲೆಯಲ್ಲಿ, ಅವಳು ಬಾಗಿಲ ಆಚೆ. ಎಡಗೈ ದಲಾಲಿಯದು, ಬಲಗೈ ಅವಳದು, ಮೇಲೊಂದು ಟವೆಲು.

"ತೋರಬೆರಳು ಹಿಡಿದ್ರ?"

"ಒಂದು ರೂಪಾಯಿ."

"ಅಂಗೈ ಗೀರಿದ್ರ?"

"ಅರ್ಧ."

"ಕೈ ಬಿಟ್ರ?"

"ವ್ಯಾಪಾರ ಮುರೀತು."

"ಐದೂ ಬೆರಳು ಹಿಡಿದು ಬಿಡದಿದ್ರ?"

"ಒಪ್ಪಿಗಿ."

ಒಮ್ಮೊಮ್ಮೆ ಮಾವ ಎದ್ದು ಹೋದ ಮೇಲೂ ಅವಳು ಹಾಗೆಯೇ ಕೂತಿರುತ್ತಿದ್ದಳು... ತನ್ನ ಕೈಯನ್ನು ತಾನೇ ಹಿಡಿದುಕೊಂಡು. ಅದನ್ನು ಹಿಡಿಯುವವರು ಬೇರೆ ಯಾರೂ ಇರಲಿಲ್ಲ.

ಎರಡನೆಯ ಸಲ ಅರ್ಜಿ ಹಾಕಿದಾಗ ಅಂದಾನಪ್ಪ ಅವಳನ್ನು ಕೋಣೆಯೊಳಗೆ ಕರೆಯಲೇ ಇಲ್ಲ. ಜಗಲಿಯಲ್ಲೇ ಅಡ್ಡ ಬಂದ.

"ನೀಲಗಂಗವ್ವಾರ... ಬ್ಯಾಡ್ರಿ."

"ಯಾಕ? ನನಗೆಲ್ಲಾ ಬರತೈತಿ. ಪರೀಕ್ಷೆ ಮಾಡ್ರಿ."

"ನಿಮಗ ಬರತೈತಿ ಅಂತ ಗೊತ್ತು."

"ಮತ್ತ ಯಾಕ?"

ಅವನು ಏನೋ ಹೇಳಹೊರಟು ನಿಲ್ಲಿಸಿದ. ಕಣ್ಣುಗಳಲ್ಲಿ ನೋವಿತ್ತು. ಅದನ್ನು ಗುರುತಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. 'ಇವನ ಕಣ್ಣು ನಾನ್ಯಾಕೆ ನೋಡಬೇಕು?'

"ಕಾರಣ ಕೇಳಬ್ಯಾಡ್ರಿ," ಎಂದ ಕೊನೆಗೆ.

"ಕೇಳಂಗಿಲ್ಲ. ನಾನ ಸಂತಿಗೆ ಹೋಗಿ ಮಾಲು ಹಿಡಿದು ತಂದು ನಿಮ್ಮ ಮೇಜಿನ ಮ್ಯಾಲ ಸುರೀತೀನಿ. ಆವಾಗ ಏನ್ ಹೇಳ್ತೀರಿ ನೋಡೋಣ!"

"ಬ್ಯಾಡ! ಅಲ್ಲಿಗೆ ಹೋಗಬ್ಯಾಡ್ರಿ!"

ಅವಳು ಆಗಲೇ ಮೆಟ್ಟಿಲು ಇಳಿದಿದ್ದಳು.

*

ಸಂಘಕ್ಕೆ ಮಾಲು ಕೊಡಿಸುತ್ತಿದ್ದ ದಲಾಲಿಯ ಹೆಸರು ಮಡಿವಾಳಪ್ಪ. ಸೀಗೆಕಾಯಿ ಮೂಟೆಗಳ ನಡುವೆ ಕಾಲು ಮಡಚಿ ಕೂತಿದ್ದ. ಅವಳನ್ನು ಕಂಡು ಬಾಯಗಲಿಸಿ ನಕ್ಕ.

"ಬರ್ರಿ ಬರ್ರಿ! ಎಕ್ಕಂಬಿ ಸಾವ್ಕಾರ್ತಿ ಬಂದ್ಲು! ಕೂಡ್ರಿ ತಂಗಿ."

ಸೀಗೆಕಾಯಿ ತಂದಿದ್ದ ಹೊನ್ನಿ ಪಕ್ಕದಲ್ಲೇ ನಿಂತಿದ್ದಳು. ಗದ್ದೆ ಕೆಲಸ ಮುಗಿದ ಮೇಲೆ ಕಾಡು ಸುತ್ತಿ ಕಾಯಿ ಆರಿಸುವವಳು. ಅವಳ ಮಾಲಿಗೆ ಎಷ್ಟು ದರ ಎಂಬುದು ಅವಳಿಗೆ ಕೊನೆಯವರೆಗೂ ತಿಳಿಯುತ್ತಿರಲಿಲ್ಲ. ದಲಾಲಿ ಕೊಟ್ಟಷ್ಟು ತೆಗೆದುಕೊಂಡು ಹೋಗುತ್ತಿದ್ದಳು.

ಟವೆಲು ಬಿತ್ತು.

ನೀಲಗಂಗಾ ಎರಡು ಬೆರಳು ಹಿಡಿದಳು. ಅಂಗೈ ಗೀರಿದಳು. ಎರಡೂವರೆ.

ಉತ್ತರ ಬರಲಿಲ್ಲ. ಬದಲಿಗೆ ಅವನ ಬೆರಳುಗಳು ಅವಳ ಅಂಗೈ ಮೇಲೆ ನಿಧಾನಕ್ಕೆ ಹರಿದವು. ಮಣಿಕಟ್ಟಿಗೆ ಬಂದವು. ಬಳೆ ಇರಬೇಕಾದ ಜಾಗದಲ್ಲಿ ನಿಂತವು...

ಅವಳು ಕೈ ಎಳೆದಳು. ಅವನು ಬಿಡಲಿಲ್ಲ.

"ಕೈ ಬಿಡ್ರಿ."

"ವ್ಯಾಪಾರಾನ ಮುಗಿದಿಲ್ಲಲ್ಲ ತಂಗಿ," ಎಂದ ಮೆಲ್ಲಗೆ. ಸುತ್ತಲಿನವರಿಗೆ ಕಂಡದ್ದು ಅವನ ನಗುಮುಖ ಮಾತ್ರ.

ನೀಲಗಂಗಾ ಕೂಗಲಿಲ್ಲ. ಇನ್ನೊಂದು ಕೈಯಿಂದ ಟವೆಲು ಹಿಡಿದು ಒಮ್ಮೆಲೇ ಎಳೆದು ಬಿಸಾಡಿದಳು.

ಸಂತೆಯಲ್ಲಿ ಅದುವರೆಗೆ ಯಾರೂ ಹಾಗೆ ಮಾಡಿರಲಿಲ್ಲ! ಎಲ್ಲರ ಕಣ್ಣೂ ಅತ್ತ ತಿರುಗಿತು. ಅವಳ ಬೆರಳುಗಳು ಬಿಚ್ಚಿಕೊಂಡಿದ್ದವು. ಅವನ ಮುಷ್ಟಿ ಅವಳ ಮಣಿಕಟ್ಟಿನ ಮೇಲೆ ಬಿಗಿದಿತ್ತು.

"ಆಕಿನ ಒಪ್ಪಿ ಹಿಡಿದಿದ್ಲು!" ಮಡಿವಾಳಪ್ಪ ಥಟ್ಟನೆ ಕೈ ಬಿಟ್ಟು ಅರಚಿದ.

"ಯಾರು ಯಾರನ್ನ ಹಿಡದದ್ದು ಅಂತ ನೋಡೂಕೆ ನಂಗ್ಳಿಗೂ ಕಣ್ಣಿದ್ದು!" ಎಂದಳು ಹೊನ್ನಿ. "ಅಮ್ಮಾ, ನೀವು ಎಷ್ಟು ಅಂದ್ರಿ? ಬಾಯಲ್ಲಿ ಹೇಳಿ."

"ಎರಡೂವರೆ."

ಹೊನ್ನಿ ದಲಾಲಿಯ ಕಡೆ ತಿರುಗಿದಳು. ಅವನು ತನಗೆ ಕೊಡುತ್ತಿದ್ದುದು ಅದರ ಅರ್ಧವೂ ಇರಲಿಲ್ಲ. ಆಮೇಲೆ ತನ್ನ ಮೂಟೆಯನ್ನು ಕಾಲಿನಿಂದ ನೀಲಗಂಗಾಳ ಕಡೆಗೆ ತಳ್ಳಿದಳು.

ಗುಂಪಿನ ಅಂಚಿನಲ್ಲಿ ಅಂದಾನಪ್ಪ ಏದುಸಿರು ಬಿಡುತ್ತ ನಿಂತಿದ್ದ. ಓಡಿ ಬಂದಿದ್ದ. ಅವನ ಮುಖದಲ್ಲಿ ಎಲ್ಲವೂ ಇತ್ತು, ಆಶ್ಚರ್ಯವೊಂದನ್ನು ಬಿಟ್ಟು.

ನೀಲಗಂಗಾಳಿಗೆ ಆಗ ಅರ್ಥವಾಯಿತು.

*

"ನಿಮಗ ಗೊತ್ತಿತ್ತು," ಎಂದಳು, ಬಸ್ ನಿಲ್ದಾಣದ ಹತ್ತಿರ ಅವನು ಹಿಂದೆ ಬಂದು ನಿಂತಾಗ.

"ಹೌದು. ನೀವು ಮೊದಲನೇ ಅರ್ಜಿ ಹಾಕಿದ ಸುದ್ದಿ ಕೇಳಿ ಮಡಿವಾಳಪ್ಪ... ಆ ವಿಧವೀನ ಕಳಸ್ರಿ, ಟವೆಲಿನ ಕೆಳಗ ನಾ ನೋಡಿಕೊಂತೀನಿ ಅಂತ ನಮ್ಮ ಹುಡುಗರ ಮುಂದ ಅಂದ. ಅವರು ನಕ್ರು. ಆ ಮಾತು ನಿಮ್ಮ ಕಿವಿಗೆ ಬೀಳಬಾರದು ಅಂತ ನಾ ನಿಮ್ಮನ್ನ ಬ್ಯಾಡ ಅಂದೆ."

"ಅದಾದ ಮ್ಯಾಲೂ ಅವನ ಹತ್ರಾನ ಮಾಲು ತೊಗೊಂಡ್ರಿ?"

ಅವನು ಬೇರೆ ಕಡೆ ನೋಡಿದ.

"ನನ್ನ ಕಿವಿ ಮುಚ್ಚಿದ್ರಿ. ಅವನ ಕೈ ಕಟ್ಟಲಿಲ್ಲ. ಬಾಗಿಲು ಹಾಕಿದ್ದು ನನಗ ಮಾತ್ರ!"

"ತಪ್ಪಾತು... ನೀಲಾ, ನಿಮ್ಮನ್ನ ನೋಡಿದಾಗಿಂದ ನನಗ..."

"ಹೇಳಬ್ಯಾಡ್ರಿ!" ಅವಳು ಮಾತು ತಡೆದಳು. "ನನ್ನ ಮ್ಯಾಲ ಪ್ರೀತಿ ಇದ್ದಾಂವ ನನ್ನ ಕಡೆ ನಿಂತು ಮಾತಾಡ್ತಿದ್ದ. ನೀವು ನನ್ನ ಪರವಾಗಿ ನೀವ ತೀರ್ಮಾನ ಮಾಡಿಬಿಟ್ರಿ."

ಬಸ್ಸು ಬಂತು. ಹೊನ್ನಿಯ ಸೀಗೆಕಾಯಿ ಮೂಟೆಯೊಂದಿಗೆ ಹತ್ತಿ ಕುಳಿತಳು. ಮಣಿಕಟ್ಟಿನಲ್ಲಿ ಕೆಂಪು ಗುರುತು ಇತ್ತು. ಅದನ್ನು ಉಜ್ಜುತ್ತ ಕುಳಿತವಳ ಕಣ್ಣಿನಿಂದ, ಗಂಡ ಹೋದ ಎರಡು ವರ್ಷಗಳ ನಂತರ, ಮೊದಲ ಸಲ ನೀರು ಇಳಿಯಿತು.

ದಲಾಲಿಗಾಗಿಯೇ? ಗಂಡನಿಗಾಗಿಯೇ? ನಿಲ್ದಾಣದಲ್ಲಿ ಬಿಟ್ಟು ಬಂದವನಿಗಾಗಿಯೇ? ಅವಳಿಗೂ ತಿಳಿಯಲಿಲ್ಲ.

*

ಮೂರನೆಯ ಸಲವೂ ಅರ್ಜಿ ಹಾಕಿದಳು.

"ಏನು ಮುಖ ಇಟ್ಕೊಂಡು ಬಂದಾಳ?" ಎಂದ ಹಿಂದಿನ ಬೆಂಚಿನವನು. "ಈಕಿನ್ನ ಸೇರಿಸಿದ್ರ ಮಡಿವಾಳಪ್ಪ ನಮಗ ಒಂದು ಕಾಯಿನೂ ಕೊಡಿಸಂಗಿಲ್ಲಂತ."

ನೀಲಗಂಗಾ ಬಾಯಿ ತೆರೆಯುವ ಮೊದಲೇ ಅಂದಾನಪ್ಪ ಎದ್ದು ನಿಂತ.

ಅವಳತ್ತ ನೋಡಿ ಕೇಳಿದ, "ಹೇಳಲೇನ್ರಿ?"

ಅವಳು ತಲೆಯಾಡಿಸಿದಳು. ಅವನು ಕೇಳಿ ಹೇಳುತ್ತಿದ್ದುದು ಅದೇ ಮೊದಲು.

ದಲಾಲಿ ಆಡಿದ ಮಾತು, ಯಾರು ಯಾರು ನಕ್ಕರು, ತಾನು ಹೇಗೆ ಬಾಯಿ ಮುಚ್ಚಿಕೊಂಡಿದ್ದ, ಎಲ್ಲವನ್ನೂ ಹೆಸರು ಹಿಡಿದು ಹೇಳಿದ. "ಇನ್ನ ಮ್ಯಾಲೆ ಸಂಘ ಅವನ ಕಡೆ ಕೊಳ್ಳೋದು ಬ್ಯಾಡ. ದರ ಬಾಯಿಲೆ ಹೇಳಿ, ಮಾಲು ತಂದವರ ಕೈಯಿಂದಾನ ಕೊಳ್ಳೋಣ. ಇದು ಆಗಂಗಿಲ್ಲ ಅಂದ್ರ ನನಗೂ ಈ ಸಂಘ ಬ್ಯಾಡ."

ಕೈ ಎತ್ತಿದರು. ಒಂದೇ ಒಂದು ಕೈ ಹೆಚ್ಚಾಗಿ ನೀಲಗಂಗಾ ಒಳಗೆ ಬಂದಳು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಆ ಟರ್ಮು ದಲಾಲಿಗಳು ಒಂದಾಗಿ ಸಂಘಕ್ಕೆ ಮಾಲು ನಿಲ್ಲಿಸಿದರು. ಮಳಿಗೆ ಅರ್ಧ ಖಾಲಿಯಾಯಿತು. ಹುಡುಗರು ಅವಳನ್ನು ಕಂಡರೆ ಮುಖ ತಿರುಗಿಸಿದರು. ಅಂದಾನಪ್ಪನನ್ನು ಕಾರ್ಯದರ್ಶಿ ಸ್ಥಾನದಿಂದ ಇಳಿಸಿದರು. ಅವರಿಬ್ಬರು ಮಾತ್ರ ಸಂತೆಯ ಅಂಚಿನಲ್ಲಿ ಹೊನ್ನಿಯಂಥ ಹೆಂಗಸರ ಬುಟ್ಟಿಗಳ ಮುಂದೆ ಕೂತು ದರ ಕೂಗಿ ಕೊಂಡರು. ಕೆಲಸದ ಮಾತು ಬಿಟ್ಟು ಬೇರೆ ಮಾತು ಅವಳು ಆಡಲಿಲ್ಲ. ಅವನು ಆಡಿಸಲಿಲ್ಲ.

ಮಾವ ಕೀಲಿಯನ್ನು ಅವಳ ಮುಂದೆ ಇಟ್ಟ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

*

ಅಂದಾನಪ್ಪನ ಕೊನೆಯ ಪರೀಕ್ಷೆ ಮುಗಿದ ಬೇಸಿಗೆ. ಎಕ್ಕಂಬಿಯ ಅಂಗಡಿಯಲ್ಲಿ ನೀಲಗಂಗಾ ಬೆಲ್ಲ ತೂಗುತ್ತಿದ್ದಳು. ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. ಹೆಗಲ ಮೇಲೆ ಟವೆಲು ಹಾಕಿಕೊಂಡು ಅವನು ಬಂದು ನಿಂತ.

"ಏನು ಬೇಕ್ರಿ?"

"ಸಿಟ್ಟು ಇನ್ನೂ ಐತೇನು?"

"ಐತಿ."

"ಇರಲಿ. ನಾ ಅದರ ಜೋಡಿನ ಇರ್ತೀನಿ." ಅವನು ಒಂದು ಹೆಜ್ಜೆ ಮುಂದೆ ಬಂದ. "ಉಡಕಿ, ಎರಡನೇ ಮದವಿ, ನಮ್ಮ ಮಂದ್ಯಾಗ ನಡೀತೈತಿ. ನಮ್ಮ ಅವ್ವನ್ನ ಕೇಳೀನಿ. ನಿಮ್ಮ ಮಾವನ್ನೂ ಕೇಳೀನಿ. ಆಕಿನ್ನ ಕೇಳು, ನನ್ನ ಯಾಕ ಕೇಳ್ತಿ ಅಂದ್ರು."

ಒಳಗೆ ಮುದುಕ ಕೆಮ್ಮಿದ. ಎಲ್ಲವೂ ಅವನಿಗೆ ಕೇಳಿಸುತ್ತಿತ್ತು.

"ನಾ ಈ ಅಂಗಡಿ ಬಿಟ್ಟು ಬರಂಗಿಲ್ಲ. ಮಾವಾರನ್ನ ಬಿಟ್ಟೂ ಬರಂಗಿಲ್ಲ."

"ನಾನ ಬರ್ತೀನಿ."

"ಮಂದಿ ನಿಮಗ ನಗ್ತಾರ."

"ನಿಮಗ ನಕ್ಕಾಗ ನಾ ಸುಮ್ಮನ ಕೂತಿದ್ದೆ. ಈಗ ನನಗ ನಗಲಿ."

ಅವನು ಟವೆಲನ್ನು ತನ್ನ ಕೈ ಮೇಲೆ ಹರಡಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೈಯಿಟ್ಟ. "ಬಾಯಿಲೆ ಹೇಳೂದು ಕಷ್ಟ ಆದ್ರ..."

ನೀಲಗಂಗಾ ಆ ಟವೆಲನ್ನು ನೋಡುತ್ತ ನಿಂತಳು. ಬೆಲ್ಲ ಕೊಳ್ಳಲು ಬಂದವಳು ತಕ್ಕಡಿಯನ್ನು ಮರೆತು ಇವರನ್ನೇ ನೋಡುತ್ತಿದ್ದಳು.

"ಟವೆಲು ತಗೀರಿ," ಎಂದಳು.

"ಮಂದಿ ಅದಾರ..."

"ಅದಕ್ಕ ತಗೀರಿ ಅಂದೆ."

ಅವನು ತೆಗೆದ. ಬರಿಗೈ ಬಿಸಿಲಿನಲ್ಲಿ ತೆರೆದುಕೊಂಡಿತು.

ಅವಳು ಬೆಲ್ಲದ ಅಂಟು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಎಲ್ಲರ ಕಣ್ಣೆದುರಿಗೆ ಅವನ ಐದೂ ಬೆರಳುಗಳನ್ನು ಹಿಡಿದಳು.

"ನೀಲಾ... ನಾ ಏನಂತ ತಿಳಕೊಳ್ಳಲಿ?"

"ನಾ ಕೈ ಬಿಟ್ಟೀನೇನು?"

"ಇಲ್ಲ."

"ಮತ್ತ ಕೇಳ್ತೀರಿ ಯಾಕ?"