ನಲವತ್ತು ಮೈಲಿ ದಾಟಿದ ಮೇಲಿನ ಸದ್ದು

ಕಾರಿನ ಸದ್ದು ಮನುಕುಲದ ಮಹಾ ಸಮಸ್ಯೆಗಳಲ್ಲೊಂದು. ಬಂಗಾರಪೇಟೆಯ ನನ್ನ ವರ್ಕ್‌ಶಾಪು ನಡೆದದ್ದೇ ಅದರಿಂದ. ೧೯೫೮ರಲ್ಲಿ ಗಣಿ ಕಾಂಟ್ರಾಕ್ಟರ್ ಗೋವಿಂದರಾಜುಲು ಕಾರು ತಂದರು. ವೇಗ ನಲವತ್ತು ಮೈಲಿ ದಾಟಿದರೆ ಚಾವಣಿಯನ್ನು ಯಾರೋ ತಟ್ಟುತ್ತಾರಂತೆ.

ಪತ್ತೆಗೆಂದು ಮಟಮಟ ಮಧ್ಯಾಹ್ನ ಚಿನ್ನದ ಗಣಿಗಳಿರುವ ಕೋರಮಂಡಲ್ ಕಡೆ ಹೊರಟೆವು. ವೇಗ ಏರಿದಂತೆ, ಕಿಟಕಿ ತೆರೆದಿದ್ದರೂ, ಒಳಗೆ ಒದ್ದೆ ಕಲ್ಲಿನ ಬಿಸಿ ವಾಸನೆ ಕವಿಯಿತು. ಆಮೇಲೆ ಠಣ್, ಠಣ್. ಸರಿಯಾಗಿ ಹಿಂದೆ ಕೂತ ಕಾಂಟ್ರಾಕ್ಟರ ತಲೆಯ ಮೇಲೆ. ಅವರು ಪಕ್ಕಕ್ಕೆ ಸರಿದರು, ಸದ್ದೂ ಸರಿಯಿತು.

“ಬೋಲ್ಟು ಸಡಿಲ” ಎಂದೆ, ನನಗೇ ನಂಬಿಕೆಯಿಲ್ಲದೆ.

ಕಾಂಟ್ರಾಕ್ಟರ ಡ್ರೈವರ್ ಕುಪ್ಪುಸ್ವಾಮಿ ನಕ್ಕ. “ಬೋಲ್ಟಲ್ಲ ಸಾಮಿ. ಗಣೀಲಿ ತಲೆ ಮೇಲಿನ ಬಂಡೇನ ಗಡಾರೀಲಿ ಇಂಗೇ ತಟ್ಟಿ ನೋಡ್ತಾರೆ. ಠಣ್ ಅಂದ್ರೆ ಗಟ್ಟಿ, ದಬ್ ಅಂದ್ರೆ ಬೀಳ್ತದೆ. ನಮ್ಮಣ್ಣ ಆರುಮುಗಂ ‘ದಬ್ ಅಂತೈತೆ’ ಅಂದ. ಇವ್ರು ‘ಓಗ್ಲಾ ಒಳೀಕೆ’ ಅಂದ್ರು. ಅಣ್ಣ ವಾಪಸ್ ಬರ್ಲಿಲ್ಲ.”

“ಬಾಯ್ ಮುಚ್ಚಲಾ!” ಕಾಂಟ್ರಾಕ್ಟರು ಹಿಂದಿನಿಂದ ಗದರಿದರು.

“ಅದಕ್ಕೇ ಅಲ್ವಾ ಈ ಕೆಲ್ಸ ಕೊಟ್ಟಿದ್ದು?” ಎಂದ. ವೇಗ ಮಾತ್ರ ತಗ್ಗಿಸಲಿಲ್ಲ.

ಮೇಲೆ ದಬ್ ಎಂದಿತು.

ಚಾವಣಿ ಹಿಂದಿನ ಸೀಟಿನವರೆಗೂ ಕುಸಿಯಿತು. ಪೊಲೀಸರು ಬಂದು ಹುಡುಕಿದರು. ರಸ್ತೆಯಲ್ಲಿ ಒಂದು ಕಲ್ಲೂ ಸಿಗಲಿಲ್ಲ. ಕಾಂಟ್ರಾಕ್ಟರು ಉಳಿಯಲಿಲ್ಲ. ಚಾವಣಿಯ ಬಣ್ಣದ ಮೇಲೆ ಒಂದು ಗೀರೂ ಇರಲಿಲ್ಲ.