ಸೇತುವೆಯ ಮೇಲಿನ ಹಳಿ

"ಮೂರನೇ ಸಲ ಹಳಿ ಮಾಯ ಆಗಿದೆ ಮೇಡಂ," ಎಂದ ಉದಯಕುಮಾರ್ ವೆಂಕಟರತ್ನಮ್ಮನವರಿಗೆ. "ಡಾಕ್ಟರು ಅಪ್ಪನಿಗೆ ಒಂದು ವಾರ ಅಂದಿದ್ದಾರೆ. ಅಷ್ಟರಲ್ಲಿ ಒಂದ್ಸಲ ಶ್ರೀನಿವಾಸಪುರ ಮುಟ್ಟಬೇಕಂತೆ."

ಹಳಿ ಇದ್ದದ್ದು ಕಂಪ್ಯೂಟರಿನೊಳಗೆ. ಕೋಲಾರದಿಂದ ಶ್ರೀನಿವಾಸಪುರಕ್ಕಿದ್ದ ಹಳೆಯ ಚಿಕ್ಕ ರೈಲಿನ ದಾರಿಯನ್ನು ಅವನು ಎರಡು ವರ್ಷ ಕೂತು, ರೈಲು ಓಡಿಸುವ ಆಟದಲ್ಲಿ ಕಟ್ಟಿದ್ದ. ಲಕ್ವ ಹೊಡೆದು ಮಲಗಿದ್ದ ಅಪ್ಪಾಜಪ್ಪ, ಹಿಂದೆ ಅದೇ ದಾರಿಯ ಹಳಿ ನೋಡಿಕೊಳ್ಳುತ್ತಿದ್ದ ಗ್ಯಾಂಗ್‌ಮನ್, ಎಡಗೈಯಲ್ಲಿ ಅದನ್ನು ಓಡಿಸುತ್ತಿದ್ದರು. ಹಳಿ ಮಾಯವಾದಾಗೆಲ್ಲ ರೈಲು ಒಂದೇ ಸೇತುವೆಯಿಂದ ಹಳ್ಳಕ್ಕೆ ಬೀಳುತ್ತಿತ್ತು.

ನನ್ನ ಅಜ್ಜಿಯ ಕತೆಯಲ್ಲಿ ದಾರಿ ನುಂಗುವ ಹಾವೊಂದಿತ್ತು. ಅದನ್ನೇ ನೆನೆಯುತ್ತ ವೆಂಕಟರತ್ನಮ್ಮನವರ ಹಿಂದೆ ಹೊರಟೆ. ಟಿಕೆಟ್ ಕೌಂಟರಿನಿಂದ ನಿವೃತ್ತರಾದ ಮೇಲೆ ತಾಲ್ಲೂಕಿನ ಬಿಡಿಸಲಾಗದ ಗಂಟುಗಳೆಲ್ಲ ಅವರ ಜಗಲಿಗೇ ಬರುತ್ತಿದ್ದವು.

ಉದಯನ ಹೆಂಡತಿ ಚಂದ್ರಕಲಾ ಬಾಗಿಲಲ್ಲೇ ಸಿಡುಕಿದಳು. "ಎಲ್ರಿಗೂ ನನ್ನ ಮೇಲೇ ಅನುಮಾನ. ರೇಷ್ಮೆ ಹುಳ ಜ್ವರಕ್ಕೆ ಹೋಗೈತೆ, ಅತ್ತೆ ಒಬ್ರೇ ಹುಳದ ಮನೆಗೆ ಹೋಗಿ, ರೋಗ ಹರಡದಂಗೆ ಸುಣ್ಣ ಉದುರಿಸ್ತಾರೆ. ನನಗೆ ಆ ಹೊಸ್ತಿಲೂ ದಾಟಂಗಿಲ್ಲ. ಇನ್ನು ಈ ಪೆಟ್ಟಿಗೆ ಮುಟ್ತೀನಾ?"

"ಇದೇ ಆಟ ಆಡೋ ನನ್ನ ಗೆಳೆಯ ಮುನೇಶನೇ ಇರ್ಬೇಕು," ಎಂದ ಉದಯ. "ಈ ದಾರೀನ ಅವನ ಹೆಸರಲ್ಲಿ ನೆಟ್‌ಗೆ ಹಾಕ್ಕೊಳ್ಳೋಕೆ ಕೇಳಿದ್ದ. ನಾನು ಕೊಡ್ಲಿಲ್ಲ."

ವೆಂಕಟರತ್ನಮ್ಮ ಪರದೆ ನೋಡಿದರು. ಆಮೇಲೆ ಕೀಬೋರ್ಡಿನ ಮೇಲೆ ಬಗ್ಗಿದರು. ಡಿಲೀಟ್ ಕೀ ಮೇಲೆ ಬಿಳಿ ಪುಡಿ ಕೂತಿತ್ತು.

"ರಮ್ಯ, ಮುನೇಶನಿಗೂ ಹೇಳಿ ಕಳಿಸೇ. ಎಲ್ಲರೂ ಅಪ್ಪಾಜಪ್ಪನ ಮಂಚದ ಹತ್ತಿರ ಬರ್ಲಿ," ಎಂದರು ನನಗೆ.

ಎಲ್ಲರೂ ಕೂಡಿದಾಗ ಅವರು ಹೇಳಿದರು. "ಫೈಲ್ ಕೆಟ್ಟಿದ್ರೆ ನೆಲ, ಗಿಡ, ಸೇತುವೆ ಎಲ್ಲಾ ಒಟ್ಟಿಗೆ ಹೋಗ್ತಿತ್ತು. ಹೋಗಿರೋದು ಹಳಿ ಮಾತ್ರ. ಅಂದ್ರೆ ಯಾರೋ ಕೈಯಾರೆ ಅಳಿಸಿದ್ದು. ಮುನೇಶ ಕದಿಯೋನಾಗಿದ್ರೆ ಇಡೀ ದಾರಿ ಒಯ್ತಿದ್ದ, ಒಂದು ತುಂಡು ಅಳಿಸಿ ಅವನಿಗೇನು ಲಾಭ? ಕೀ ಮೇಲಿರೋದು ಸುಣ್ಣ. ಈ ವಾರ ಸುಣ್ಣ ಮುಟ್ಟಿರೋರು ಈ ಮನೇಲಿ ಒಬ್ರೇ."

ಉದಯನ ತಾಯಿ ಆವಲಮ್ಮ ಸುಣ್ಣದ ಕೈ ಮುಚ್ಚಿಕೊಳ್ಳಲಿಲ್ಲ. "ದಿನಾ ಮಗನ ಪಕ್ಕ ಕೂತು ನೋಡ್ತಿದ್ದೆ. ಹಳಿ ತುಂಡು ಮುಟ್ಟಿದ್ರೆ ಕೆಂಪಾಗ್ತದೆ. ಕೆಂಪಾದ್ಮೇಲೆ ಒತ್ತೋದು. ಸತ್ತ ಹುಳ ಆರಿಸೋಕಿಂತ ಸುಲಭ."

"ಯಾಕಮ್ಮಾ?" ಎಂದ ಉದಯ.

"ನಿಮ್ಮಕ್ಕ ಗಂಗಾಲಕ್ಷ್ಮಿ ರೈಲಿಗೆ ಸಿಕ್ಕಿದ್ದು ಎಲ್ಲಿ ಅಂತ ನಿಮ್ಮಪ್ಪನ್ನ ಕೇಳು. ಒಂಬತ್ತು ವರ್ಷದ ಕೂಸು, ಬುತ್ತಿ ಹೊತ್ಕೊಂಡು ಹೋಗಿದ್ಲು. ಹಳ್ಳ ಬಳಸಿ ಬಂದ್ರೆ ಸಾರು ತಣ್ಣಗಾಗ್ತದೆ, ಸೇತುವೆ ಮೇಲೇ ಬಾ ಅಂದಿದ್ದು ಈ ಮನುಷ್ಯನೇ. ಈಗ ಆ ಸೇತುವೆ ಬಂದಾಗೆಲ್ಲ ಕೂ ಅನ್ನಿಸಿ ನಗ್ತಾರೆ."

ಅಪ್ಪಾಜಪ್ಪನ ಓರೆ ಬಾಯಿ ಅಲುಗಿತು. "ಹಳಿ... ಹಾಕು," ಎಂದರು.

"ಹಾಕಪ್ಪ," ಎಂದರು ಆವಲಮ್ಮ. "ಇನ್ನು ಅಳಿಸಲ್ಲ. ಆದ್ರೆ ಅದರ ಮೇಲೆ ಒಂದು ಹುಡುಗೀನ ನಿಲ್ಲಿಸು. ಕೈಯಲ್ಲಿ ಬುತ್ತಿ ಕೊಡು. ಆಮೇಲೆ ಓಡಿಸ್ಲಿ."

ಉದಯ ವೆಂಕಟರತ್ನಮ್ಮನವರ ಮುಖ ನೋಡಿದ. ಅವರು ಚಪ್ಪಲಿ ಹುಡುಕುತ್ತಿದ್ದರು.

ಅಪ್ಪಾಜಪ್ಪ ಇನ್ನೂ ಎಂಟು ದಿನ ಬದುಕಿದ್ದರು. ದಿನಾ ಬೆಳಿಗ್ಗೆ ಆವಲಮ್ಮ ಕೈ ತೊಳೆದು ಬಂದು, ಗಂಡನ ಎಡಗೈಯನ್ನು ಕೀ ಮೇಲೆ ಇಡುತ್ತಿದ್ದರಂತೆ. ಹಳಿ ಸರಿಯಾಗಿಯೇ ಇತ್ತು, ಅದರ ಮೇಲೆ ಬುತ್ತಿ ಹಿಡಿದ ಹುಡುಗಿ ನಿಂತಿದ್ದಳು. ರೈಲು ಒಮ್ಮೆಯೂ ಸೇತುವೆ ದಾಟಲಿಲ್ಲ.